ಸೀಸದ ಗುಂಡಿಗೆ ಕೊಬ್ಬು ಏಕೆ ಬೇಕಾಯಿತು?

1857ರ ಸಂಗ್ರಾಮದ ಪಾಠ ಬಂದಾಗ ಹಸುವಿನ ಕೊಬ್ಬು, ಹಂದಿಯ ಕೊಬ್ಬು ಎಂಬ ಮಾತುಗಳು ಎಲ್ಲ ತರಗತಿಗಳಲ್ಲಿಯೂ ಕೇಳಿಬರುತ್ತವೆ. ಕೊಬ್ಬು ಸವರಿದ ತೋಟೆಗಳನ್ನು ಹಲ್ಲಿನಿಂದ ಕಚ್ಚಬೇಕಾಗಿತ್ತೆಂದೂ, ಅದರಿಂದ ಹಿಂದೂ ಸಿಪಾಯಿಗೂ ಮುಸಲ್ಮಾನ ಸಿಪಾಯಿಗೂ ಧರ್ಮನಾಶದ ಭೀತಿಯುಂಟಾಯಿತೆಂದೂ ಮಕ್ಕಳು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ಬಂದೂಕಿನ ಗುಂಡಿಗೂ ಕೊಬ್ಬಿಗೂ ಏನು ಸಂಬಂಧವೆಂಬುದನ್ನು ಪಾಠಪುಸ್ತಕಗಳು ಸಾಮಾನ್ಯವಾಗಿ ವಿವರಿಸುವುದಿಲ್ಲ. ಇದರಿಂದಾಗಿ ಆ ಕೊಬ್ಬು ಕಂಪೆನಿ ಸರಕಾರದ ಬರಿಯ ಕುಚೇಷ್ಟೆಯೆಂದೋ, ಸಿಪಾಯಿಗಳ ಸಂಶಯ ಬರಿಯ ಮೌಢ್ಯವೆಂದೋ ಮಕ್ಕಳು ಭಾವಿಸುವ ಸಂಭವವುಂಟು. ಎರಡೂ ಸರಿಯಲ್ಲ. ಕೊಬ್ಬಿನ ಅವಶ್ಯಕತೆ ಹುಟ್ಟಿದುದು ಸೀಸವೆಂಬ ಲೋಹದ ಸ್ವಭಾವದಿಂದ. ಆದುದರಿಂದ ಸೀಸದ ಗುಂಡಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡುವುದು ಯುಕ್ತ.

ಸೀಸವು ಭಾರವಾದ ಲೋಹ, ಮೃದುವಾದ ಲೋಹ. 327 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೆ ಕರಗುವುದರಿಂದ ಅಡಿಗೆಯ ಒಲೆಯೇ ಅದಕ್ಕೆ ಸಾಕು. ಕರಗಿದ ಸೀಸವನ್ನು ಅಚ್ಚಿನಲ್ಲಿ ಹೊಯ್ದರೆ ಕ್ಷಣಮಾತ್ರದಲ್ಲಿ ಗುಂಡು ಸಿದ್ಧ. ಹೀಗಾಗಿ ತಿರಿಬತ್ತಿಯ ಕೋವಿ ಇದ್ದವನು ತನ್ನ ಗುಂಡನ್ನು ತಾನೇ ಎರಕ ಹೊಯ್ದುಕೊಳ್ಳುವುದು ಯುರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಶತಮಾನಗಳ ಕಾಲ ನಡೆದುಬಂದ ರೂಢಿ. ಆ ಕೋವಿಗಳ ನಳಿಗೆ ಒಳಗೆ ನುಣುಪಾಗಿತ್ತು. ಗುಂಡು ನಳಿಗೆಗಿಂತ ಚಿಕ್ಕದಾಗಿತ್ತು. ಇಂಗ್ಲಿಷರ ಪ್ರಸಿದ್ಧವಾದ 'ಬ್ರೌನ್ ಬೆಸ್' ಬಂದೂಕಿನ ನಳಿಗೆಯ ವ್ಯಾಸ ಸುಮಾರು 0.75 ಅಂಗುಲ, ಗುಂಡಿನ ವ್ಯಾಸ ಸುಮಾರು 0.69 ಅಂಗುಲ. ಬಾಯಿಯಿಂದ ಹಾಕಿದ ಗುಂಡು ಸಲೀಸಾಗಿ ಕೆಳಗಿಳಿಯುತ್ತಿತ್ತು. ಆದರೆ ಹೊರಡುವಾಗ ನಳಿಗೆಯ ಗೋಡೆಗಳಿಗೆ ತಗಲುತ್ತ ಮನಬಂದ ದಿಕ್ಕಿಗೆ ಹಾರುತ್ತಿತ್ತು. ನೂರು ಗಜಗಳಾಚೆ ಒಬ್ಬನೇ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು.

ನಳಿಗೆಯ ಒಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುವುದೆಂದು ಬಹಳ ಹಿಂದೆಯೇ ಗೊತ್ತಾಗಿತ್ತು. ಇಂತಹ ನಳಿಗೆಯುಳ್ಳ ಬಂದೂಕೇ ರೈಫಲ್. ಆದರೆ ತೋಡುಗಳು ಗುಂಡನ್ನು ತಿರುಗಿಸಬೇಕಾದರೆ ಗುಂಡು ಅವುಗಳನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ತಳದವರೆಗೆ ದೂಡುವವರಾರು? 1800ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಬೇಕರ್ ರೈಫಲಿನ ಗುಂಡಿಗೆ ಜಿಡ್ಡು ಹಚ್ಚಿದ ತೊಗಲಿನ ತುಂಡನ್ನು ಸುತ್ತಿ ಸಲಾಕೆಯಿಂದ ಒತ್ತುತ್ತಿದ್ದರು. ಮೊದಮೊದಲು ಬಡಿಯುವುದಕ್ಕಾಗಿ ಚಿಕ್ಕ ಮರದ ಕೊಡತಿಯನ್ನೂ ಕೊಟ್ಟಿದ್ದರಂತೆ. ಶತ್ರು ಎದುರಿಗೆ ಓಡಿಬರುತ್ತಿರುವಾಗ ಕೊಡತಿ ಹಿಡಿದು ಕೂರುವ ಸೈನಿಕನ ಅವಸ್ಥೆಯನ್ನು ವಾಚಕರೇ ಊಹಿಸಿಕೊಳ್ಳಲಿ. ಗುಂಡು ಒಳಹೋಗುವಾಗ ಸಡಿಲವಾಗಿರಬೇಕು, ಹೊರಬರುವಾಗ ಬಿಗಿಯಾಗಿರಬೇಕು. ಈ ಒಗಟನ್ನು ಬಿಡಿಸಲು ಅರ್ಧ ಶತಮಾನ ಹಿಡಿಯಿತು.

ಒಗಟಿನ ಬೀಗದ ಕೈ ದೊರೆತುದು ನಮ್ಮ ದಕ್ಷಿಣ ಭಾರತದಲ್ಲಿ ಎಂದು ಹೇಳಲಾಗುತ್ತದೆ. ಬ್ರಿಟಿಷರ 34ನೆಯ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬಾತ ಇಲ್ಲಿನ ಜನರು ಊದುಕೊಳವೆಯಿಂದ ಹಾರಿಸುವ ಬಾಣಗಳನ್ನು ಪರೀಕ್ಷಿಸಿದನು. ಬಾಣದ ಬುಡಕ್ಕೆ ಮೃದುವಾದ ಬೆಂಡನ್ನು ಕಟ್ಟಿದ್ದರು. ಊದಿದೊಡನೆ ಆ ಬೆಂಡು ಅರಳಿ ಕೊಳವೆಯನ್ನು ಭದ್ರವಾಗಿ ಮುಚ್ಚುತ್ತಿತ್ತು. ಸೀಸದ ಗುಂಡಿನ ಬುಡವನ್ನೂ ಟೊಳ್ಳು ಮಾಡಿದರೆ ಮದ್ದಿನ ಒತ್ತಡಕ್ಕೆ ಅದು ಹಾಗೆಯೇ ಅರಳಬಾರದೇಕೆ? ನಾರ್ಟನ್ ಅಂತಹ ಗುಂಡನ್ನು ರಚಿಸಿ ತೋರಿಸಿದರೂ ಅಧಿಕಾರಿಗಳು ಅದನ್ನು ಅಂಗೀಕರಿಸಲಿಲ್ಲ. ಅನಂತರ ವಿಲಿಯಂ ಗ್ರೀನರ್ ಎಂಬ ಇಂಗ್ಲಿಷ್ ಬಂದೂಕುಗಾರನೂ ಇದೇ ತತ್ತ್ವದ ಗುಂಡನ್ನು ಮುಂದಿಟ್ಟು ನಿರಾಶನಾದನು. ಕೊನೆಗೆ 1849ರಲ್ಲಿ ಫ್ರಾನ್ಸಿನ ಕ್ಯಾಪ್ಟನ್ ಮಿನಿಯೆ ಟೊಳ್ಳು ಬುಡಕ್ಕೆ ಕಬ್ಬಿಣದ ಚಿಕ್ಕ ಬಟ್ಟಲನ್ನು ಕೂಡಿಸಿ, ಮೂತಿ ಚೂಪಾದ ಉದ್ದನೆಯ ಗುಂಡನ್ನು ಸಿದ್ಧಪಡಿಸಿದಾಗ, ತಮ್ಮವರ ಮಾತಿಗೆ ಕಿವಿಗೊಡದಿದ್ದ ಬ್ರಿಟಿಷ್ ಸರಕಾರವು ಆತನಿಗೆ 20,000 ಪೌಂಡುಗಳನ್ನು ಕೊಟ್ಟಿತು. ಗ್ರೀನರನಿಗೆ 1857ರಲ್ಲಿ ಸಮಾಧಾನಕ್ಕಾಗಿ 1,000 ಪೌಂಡು ದೊರೆಯಿತು. ಬೆಂಡು ಕಟ್ಟಿದವರ ಹೆಸರು ಚರಿತ್ರೆಯಲ್ಲಿಲ್ಲ.

ಈ ತತ್ತ್ವದ ಮೇಲೆ ನಿಂತುದೇ 1853ರ ಎನ್‌ಫೀಲ್ಡ್ ರೈಫಲ್. ಅದರ ನಳಿಗೆಯ ವ್ಯಾಸ 0.577 ಅಂಗುಲ, ಶುದ್ಧ ಸೀಸದ ಗುಂಡಿನ ವ್ಯಾಸ ಮೊದಲು 0.568 ಅಂಗುಲ. ನಡುವಣ ಎಡೆ ಒಂದು ಅಂಗುಲದ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಆ ಕಾಲದ ಕರಿಮದ್ದು ಉರಿದರೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಮಸಿಯಾಗಿ ಉಳಿಯುತ್ತದೆ. ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ಈ ಮಸಿ ನಳಿಗೆಯಲ್ಲಿ ಗಟ್ಟಿಯಾಗಿ ಕಟ್ಟಿ, ಮುಂದಿನ ಗುಂಡು ಇಳಿಯದಂತಾಗುತ್ತದೆ. ಅಲ್ಲದೆ ಬರಿಯ ಸೀಸವು ನಳಿಗೆಗೆ ಉಜ್ಜಿ ತೋಡುಗಳಲ್ಲಿ ಮೆತ್ತಿಕೊಳ್ಳುತ್ತದೆ. ಇವೆರಡನ್ನೂ ತಡೆಯುವ ವಸ್ತುವೇ ಜಿಡ್ಡು. ಅದು ಮಸಿಯನ್ನು ಮೆತ್ತಗಿಡುತ್ತದೆ, ಸೀಸವನ್ನು ಜಾರಿಸುತ್ತದೆ. ಜಿಡ್ಡಿಲ್ಲದೆ ಎನ್‌ಫೀಲ್ಡ್ ರೈಫಲು ನಡೆಯುವಂತಿರಲಿಲ್ಲ.

ತೋಟೆಯ ರಚನೆಯನ್ನೂ ಇಲ್ಲಿ ತಿಳಿಯಬೇಕು. ಕಾಗದದ ಕೊಳವೆಯ ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಗುಂಡಿದ್ದ ಕಡೆಯ ಕಾಗದಕ್ಕೆ ಹೊರಗಿನಿಂದ ಕೊಬ್ಬು ಮೇಣಗಳ ಮಿಶ್ರಣವನ್ನು ಹಚ್ಚುತ್ತಿದ್ದರು. ಸಿಪಾಯಿ ಮದ್ದಿನ ಕಡೆಯ ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿದು, ತೋಟೆಯನ್ನು ತಲೆಕೆಳಗು ಮಾಡಿ ಗುಂಡನ್ನು ಒಳಗಿಡಬೇಕು. ಕಚ್ಚುವ ತುದಿ ಬೇರೆ, ಕೊಬ್ಬಿನ ತುದಿ ಬೇರೆ ಎಂದು ಕೆಲವರು ವಾದಿಸಬಹುದು. ಆದರೆ ನಮ್ಮ ದೇಶದ ಬಿಸಿಲಿನಲ್ಲಿ, ಚೀಲದಲ್ಲಿ ಒತ್ತೊತ್ತಾಗಿ ತುಂಬಿದ ತೋಟೆಗಳ ಕೊಬ್ಬು ತನ್ನ ಎಲ್ಲೆಯಲ್ಲಿಯೇ ನಿಲ್ಲುವುದೆಂದು ಹೇಳುವವರಿಗೆ ಬೇಸಗೆಯ ಬೆಣ್ಣೆಯ ಅನುಭವವಿಲ್ಲವೆನ್ನಬೇಕು. ಕೊಬ್ಬು ಯಾವ ಪ್ರಾಣಿಯದೆಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವ ಎಚ್ಚರವನ್ನೂ ಅಧಿಕಾರಿಗಳು ತೋರಲಿಲ್ಲ. ಸಿಪಾಯಿಗಳ ಶಂಕೆ ಆಧಾರವಿಲ್ಲದ್ದೆಂದು ಹೇಳಲು ಬರುವುದಿಲ್ಲ.

1857ರ ಜನವರಿಯಲ್ಲಿ ಕಲ್ಕತ್ತೆಯ ಸಮೀಪದ ಡಂಡಂ ಎಂಬಲ್ಲಿ ಈ ಸುದ್ದಿ ಹೊರಬಿತ್ತು. ಅದೇ ತಿಂಗಳ ಕೊನೆಯಲ್ಲಿ, ಜಿಡ್ಡಿಲ್ಲದ ತೋಟೆಗಳನ್ನೇ ಕೊಡಬೇಕೆಂದೂ, ಸಿಪಾಯಿಗಳು ತಮಗೆ ಒಪ್ಪಿಗೆಯಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದೂ ಸರಕಾರವು ಆಜ್ಞೆ ಮಾಡಿತು. ಆಮೇಲೆ ಹಲ್ಲಿನ ಬದಲು ಕೈಯಿಂದ ಹರಿಯುವ ಕವಾಯತನ್ನೂ ತಂದಿತು. ಆದರೆ ನಂಬಿಕೆಯೇ ಹೋದ ಮೇಲೆ ಜೇನುಮೇಣವೂ ಕೊಬ್ಬಾಗಿಯೇ ಕಾಣುತ್ತದೆ. ಕಾಗದದ ಹೊಳಪಿನಲ್ಲಿಯೂ ಸಿಪಾಯಿಗಳು ಕೊಬ್ಬನ್ನು ಕಂಡರು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಬಂದೂಕೆತ್ತಿದನು. ಏಪ್ರಿಲ್ 8ರಂದು ಅವನಿಗೆ ಗಲ್ಲಾಯಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೆಯ ಅಶ್ವದಳದ 90 ಸವಾರರನ್ನು ಕವಾಯತಿಗೆ ನಿಲ್ಲಿಸಲು, 85 ಮಂದಿ ತೋಟೆಗಳನ್ನು ಮುಟ್ಟಲೊಲ್ಲದೆ ಹೋದರು. ಅಂದು ಅವರ ಮುಂದಿಟ್ಟವು ಹೊಸ ತೋಟೆಗಳಾಗಿರಲಿಲ್ಲ, ಅವರು ಮೊದಲಿನಿಂದ ಬಳಸುತ್ತಿದ್ದ ಹಳೆಯ ತೋಟೆಗಳೇ ಆಗಿದ್ದವೆಂಬುದು ಗಮನಿಸತಕ್ಕ ವಿಷಯ. ಮೇ 9ರಂದು ಅವರ ಕಾಲಿಗೆ ಸಂಕೋಲೆ ಬಿತ್ತು. ಮರುದಿನ ಮೀರತ್ ಸಿಡಿದೆದ್ದಿತು.

ಸಂಗ್ರಾಮವು ಅಡಗಿದ ಮೇಲೆ ಸರಕಾರವು ತನ್ನ ಅಪನಂಬಿಕೆಯನ್ನು ನಳಿಗೆಯಲ್ಲಿಯೇ ಬರೆದಿಟ್ಟಿತು. 1858ರಲ್ಲಿ ಭಾರತೀಯ ಪದಾತಿಗಳಿಗೆಂದು ಹೊಸ ಮಾದರಿಯ ಬಂದೂಕನ್ನು ನಿಶ್ಚಯಿಸಿದರು. ಹೊರಗಿನಿಂದ ಅದು ಎನ್‌ಫೀಲ್ಡೇ. ಒಳಗೆ ತೋಡುಗಳಿಲ್ಲ, 0.65 ಅಂಗುಲದ ನುಣುಪು ನಳಿಗೆ. ಗೋರಾ ಸೈನಿಕನ ಗುಂಡು ನೇರವಾಗಿ ಹೋಗಬೇಕು, ಭಾರತೀಯನ ಗುಂಡು ಹಾದಿ ತಪ್ಪಬೇಕು ಎಂಬ ಈ ಏರ್ಪಾಟನ್ನು ಮಕ್ಕಳಿಗೆ ಹೇಳದೆ 1857ರ ಪಾಠವನ್ನು ಮುಗಿಸಬಾರದೆಂದು ನನ್ನ ಅಭಿಪ್ರಾಯ. ಮುಂದೆಯೂ ಗೋರಾ ಪಡೆಗೆ ಮಾರ್ಟಿನಿ-ಹೆನ್ರಿ ಬಂದಾಗ ಭಾರತೀಯರಿಗೆ ಅದರ ಹಿಂದಿನ ಸ್ನೈಡರ್ ಬಂದಿತು. ಒಂದು ತಲೆಮಾರು ಹಿಂದಿಡುವ ಪದ್ಧತಿ ಬಹುಕಾಲ ನಡೆಯಿತು.

ಸ್ನೈಡರ್ 1866ರದು, ಮಾರ್ಟಿನಿ-ಹೆನ್ರಿ 1871ರದು. ಇವುಗಳಿಗೆ ಹಿಂದಿನಿಂದ ತೋಟೆ ತುಂಬಿಸುವುದರಿಂದ ಸಡಿಲು-ಬಿಗಿಯ ಹಳೆಯ ಒಗಟು ಮಾಯವಾಯಿತು. ಮಾರ್ಟಿನಿಯ ಗುಂಡಿನ ತೂಕ 480 ಗ್ರೇನ್; ಸೀಸ 12 ಪಾಲು, ತವರ 1 ಪಾಲು; ಮೇಲೆ ಕಾಗದದ ಸುತ್ತು. ತೋಟೆ ಈಗ ಲೋಹದ ಕವಚವಾಯಿತು, ಬೆಂಕಿ ಕೊಡುವ ಕೇಪು ಅದರ ಬುಡವನ್ನು ಸೇರಿತು. ಒಲೆಯ ಬಳಿ ಕುಳಿತು ಎರಕ ಹೊಯ್ಯುತ್ತಿದ್ದವನಿಗೆ ಗುಂಡೇನೋ ಸಾಧ್ಯ. ಕವಚವೂ ಕೇಪೂ ಕಾರಖಾನೆಯ ಸ್ವತ್ತು. ಹೀಗೆ ಕೋವಿಯ ಈಡು ಹಳ್ಳಿಯ ಕೈಯಿಂದ ಜಾರಿಹೋಯಿತು.

ಆದರೆ ಹಾರಿಸಿದ ಮೇಲೂ ಕವಚವು ಉಳಿಯುತ್ತದಷ್ಟೆ. ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು ತುಂಬಿ, ಎರಕದ ಗುಂಡನ್ನು ಇಟ್ಟರೆ ಅದು ಮತ್ತೆ ತೋಟೆ. ಈ ಮರುತುಂಬುವಿಕೆಯನ್ನು ಸೈನ್ಯದ ನಿತ್ಯಕ್ರಮವಾಗಿ ನಡೆಸಿದವರು ಅಮೆರಿಕದವರು. 1873ರ ಅವರ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ 70 ಗ್ರೇನ್ ಕರಿಮದ್ದು, 405 ಗ್ರೇನ್ ಸೀಸ. ಗುರಿಯ ಅಭ್ಯಾಸಕ್ಕೆ ಹಣ ಸಾಲದೆ ಸೈನಿಕರು ವರ್ಷಕ್ಕೆ ಬೆರಳೆಣಿಕೆಯ ಗುಂಡುಗಳನ್ನು ಹಾರಿಸುತ್ತಿದ್ದ ಕಾಲವದು. 1880ರ ದಶಕದಲ್ಲಿ ಫಿಲಡೆಲ್ಫಿಯದ ಫ್ರಾಂಕ್‌ಫರ್ಡ್ ಶಸ್ತ್ರಾಗಾರವು ಮತ್ತೆ ತುಂಬಬಹುದಾದ ಕವಚಗಳನ್ನೂ ಅದಕ್ಕೆ ಬೇಕಾದ ಉಪಕರಣಗಳನ್ನೂ ಒದಗಿಸಿದ ಮೇಲೆ ದಂಡಿನ ಠಾಣ್ಯಗಳಲ್ಲಿಯೇ ತೋಟೆಗಳು ಸಿದ್ಧವಾಗತೊಡಗಿದವು. ಇಲ್ಲೊಂದು ವಿನೋದವುಂಟು. ಇಂಗ್ಲೆಂಡಿನ ಬಾಕ್ಸರ್ ಎಂಬಾತನ ಕೇಪಿನ ಕವಚಕ್ಕೆ ನಡುವೆ ಒಂದೇ ತೂತು. ಕಡ್ಡಿಯೊಂದರಿಂದ ಚುಚ್ಚಿದರೆ ಸುಟ್ಟ ಕೇಪು ಹೊರಬೀಳುವುದು. ಅಮೆರಿಕದ ಬರ್ಡಾನ್ ಎಂಬಾತನ ಕವಚಕ್ಕೆ ಪಕ್ಕದಲ್ಲಿ ಎರಡು ಚಿಕ್ಕ ತೂತು; ಕೇಪನ್ನು ತೆಗೆಯುವುದು ಕಷ್ಟ. ಅಮೆರಿಕವು ಇಂಗ್ಲಿಷನ ಕೇಪನ್ನೂ, ಯುರೋಪು ಅಮೆರಿಕನ ಕೇಪನ್ನೂ ಹಿಡಿದವು. ಮರುತುಂಬುವ ಹವ್ಯಾಸವು ಅಮೆರಿಕದಲ್ಲಿ ಬೆಳೆದುದಕ್ಕೆ ಇದೂ ಒಂದು ಕಾರಣ.

1886ರಲ್ಲಿ ಫ್ರಾನ್ಸಿನ ಲೆಬೆಲ್ ರೈಫಲು ಹೊಗೆಯಿಲ್ಲದ ಮದ್ದಿನೊಡನೆ ಬಂದಾಗ ಸೀಸದ ಏಕಚಕ್ರಾಧಿಪತ್ಯ ಮುಗಿಯಿತು. ಮಾರ್ಟಿನಿಯ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,300 ಅಡಿ. ಹೊಸ ರೈಫಲುಗಳದು ಸುಮಾರು 2,000 ಅಡಿ. ಆ ವೇಗದಲ್ಲಿ ಬರಿಯ ಸೀಸವು ತೋಡುಗಳ ಹಿಡಿತಕ್ಕೆ ನಿಲ್ಲದೆ ಸುಲಿದುಹೋಗುತ್ತದೆ. ಆದುದರಿಂದ ಅದಕ್ಕೆ ಗಟ್ಟಿಯಾದ ಲೋಹದ ಅಂಗಿಯನ್ನು ತೊಡಿಸಿದರು. ಡಂಡಂ ಎಂಬ ಹೆಸರು ಎರಡನೆಯ ಬಾರಿ ಚರಿತ್ರೆಯಲ್ಲಿ ಬರುವುದು ಇಲ್ಲಿಯೇ. ಅಂಗಿ ತೊಟ್ಟ ಗುಂಡು ವೈರಿಯನ್ನು ತಟ್ಟನೆ ಕೆಡಹುವುದಿಲ್ಲವೆಂದು ವಾಯವ್ಯ ಗಡಿಯ ಸೈನಿಕರು ದೂರಿದಾಗ, ಅಲ್ಲಿನ ಕಾರಖಾನೆಯ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬಾತನು ಅಂಗಿಯ ತುದಿಯನ್ನು ತೆರೆದು ಸೀಸವನ್ನು ಹೊರಗಾಣಿಸಿದನು. ಮೈಗೆ ತಗಲಿದೊಡನೆ ಅರಳುವ ಆ ಕ್ರೂರ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರ ಹೇಗ್ ಸಮ್ಮೇಳನವು ಘೋಷಿಸಿತು. ನಲವತ್ತೆರಡು ವರ್ಷಗಳ ಅಂತರದಲ್ಲಿ ಒಂದೇ ಊರು ಎರಡು ಸಲ ಕುಖ್ಯಾತವಾದುದು ಸೀಸದ ಮೃದುತ್ವದಿಂದ.

ಅಷ್ಟಕ್ಕೆ ಎರಕದ ಗುಂಡು ಮಡಿಯಲಿಲ್ಲ. ಅಮೆರಿಕದ ಕ್ರ್ಯಾಗ್ ಎಂಬ ಸೈನ್ಯದ ರೈಫಲಿನಲ್ಲಿ ಸೀಸವನ್ನೇ ಹಾರಿಸಬೇಕೆಂದವರಿಗಾಗಿ ಜಾನ್ ಬಾರ್ಲೋ ಎಂಬಾತನು 20ನೆಯ ಶತಮಾನದ ಮೊದಲ ದಶಕದಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲೊಂದನ್ನು ಮುಚ್ಚಿದರೆ ಉರಿಯುವ ಅನಿಲವು ಸೀಸವನ್ನು ಕೊರೆಯಲಾರದು. ಮಿನಿಯೆ ಬಟ್ಟಲನ್ನಿಟ್ಟುದು ಸೀಸವು ಅರಳಲೆಂದು. ಬಾರ್ಲೋ ಇಟ್ಟುದು ಸೀಸವು ಕೆಡದಿರಲೆಂದು. ಸೀಸಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರಸಿ ಗಟ್ಟಿಗೊಳಿಸುವುದು ಮತ್ತೊಂದು ಉಪಾಯ. ಈ ಮಿಶ್ರಣವು ಸಾಹಿತ್ಯಾಭಿಮಾನಿಗಳಿಗೆ ಅಪರಿಚಿತವಲ್ಲ. ಅಚ್ಚಿನ ಮೊಳೆಗಳ ಲೋಹ ಇದೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ಕನ್ನಡ ನಿಘಂಟು ಮೂಡಿದುದು ಇಂತಹ ಮೊಳೆಗಳಿಂದಲೇ. ಲೈನೋಟೈಪ್ ಯಂತ್ರದ ಲೋಹದಲ್ಲಿ ಸೀಸ 84, ಆಂಟಿಮನಿ 12, ತವರ 4 ಪಾಲು. ಅದು ಶುದ್ಧ ಸೀಸಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಮೊಳೆಯ ಮುದ್ರಣವು ನಿಂತುಹೋದಾಗ ಅಮೆರಿಕದ ಎಷ್ಟೋ ಮುದ್ರಣಾಲಯಗಳ ಲೋಹವು ಗುಂಡಿನ ಅಚ್ಚುಗಳಿಗೆ ಹೋಯಿತು. ಅಕ್ಷರದ ಅಭಿಮಾನಿಗಳು ಇದಕ್ಕೆ ಮರುಗಿದರೆ ತಪ್ಪಿಲ್ಲ.

2003ರಲ್ಲಿ ಕಾಠಮಂಡುವಿನ ಲಗನ್ ಸಿಲೇಖಾನೆಯಲ್ಲಿ ನೂರಾರು ವರ್ಷಗಳಿಂದ ಕೂಡಿಟ್ಟಿದ್ದ ಸಾವಿರಾರು ಹಳೆಯ ಬಂದೂಕುಗಳು ಮಾರಾಟವಾಗಿ ಅಮೆರಿಕಕ್ಕೆ ಹೋದವು. ಎನ್‌ಫೀಲ್ಡ್, ಮಾರ್ಟಿನಿ-ಹೆನ್ರಿಗಳೂ ಅವುಗಳಲ್ಲಿದ್ದವು. ಮಾರ್ಟಿನಿಯ ತೋಟೆಗಳನ್ನು ಸೈನ್ಯಗಳಿಗಾಗಿ ಮಾಡುವುದು ನಿಂತು ಎಷ್ಟೋ ಕಾಲವಾಗಿರುವುದರಿಂದ ಅವುಗಳನ್ನು ಕೊಂಡವರು ಸೀಸವನ್ನು ತಾವೇ ಕರಗಿಸುತ್ತಾರೆ. ಅದರ ಹೊಗೆ ಧೂಳುಗಳು ವಿಷವಾದುದರಿಂದ ಬಯಲಿನಲ್ಲಿ, ಎಚ್ಚರದಿಂದ. ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧವೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಆ ಹಳೆಯ ನಳಿಗೆಗಳು ಸವೆದು ಒಂದರಂತೆ ಒಂದು ಇರುವುದಿಲ್ಲ. ಆದುದರಿಂದ ಮೊದಲು ಶುದ್ಧ ಸೀಸದ ಒಂದು ಉಂಡೆಯನ್ನು ಬಾಯಿಯಿಂದ ಮೆಲ್ಲಗೆ ಒತ್ತಿ ಇನ್ನೊಂದು ತುದಿಯಿಂದ ಹೊರತೆಗೆಯುತ್ತಾರೆ. ಒಳಗಣ ತೋಡುಗಳ ಅಚ್ಚು ಅದರ ಮೈಮೇಲೆ ಮೂಡಿರುತ್ತದೆ. ಅದನ್ನು ಅಳೆದು, ಆ ಒಂದು ಬಂದೂಕಿಗೆ ಹೊಂದುವ ಗುಂಡನ್ನು ಎರಕ ಹೊಯ್ಯುತ್ತಾರೆ. ಅದಕ್ಕೆ ಸವರುವ ಜಿಡ್ಡಿನಲ್ಲಿ ಜೇನುಮೇಣವೇ ಮುಖ್ಯ.