ಹಂಚು, ಗಡಿಯಾರ, ಕೊಕ್ಕೋ



ಬೆಳ್ಳಿಹಬ್ಬದ ಸಂಚಿಕೆಯೆಂದ ಮೇಲೆ ಸಂಘದ ಚರಿತ್ರೆ, ಜಮಾಖರ್ಚು, ಹಿರಿಯರ ಭಾವಚಿತ್ರ ಇರತಕ್ಕದ್ದೇ. ಅವುಗಳ ನಡುವೆ ದೂರದ ಸ್ವಿಟ್ಜರ್ಲೆಂಡಿನ ಸುದ್ದಿ ಯಾಕೆ ಅಂತ ಕೆಲವರು ಕೇಳಿಯಾರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದೇ ಹಳೆ ಮನೆಯ ಜಗಲಿಯಲ್ಲಿ ಕೂತು ತಲೆಯೆತ್ತಿ ಮಾಡನ್ನು ನೋಡಿದರೆ ಉತ್ತರ ಅಲ್ಲೇ ಉಂಟು.

ಹಂಚು ಬರುವ ಮುಂಚೆ ನಮ್ಮ ಒಕ್ಕಲು ಮನೆಗಳಿಗೆಲ್ಲ ಮುಳಿಹುಲ್ಲಿನ ಮಾಡು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ದೇವರ ಮನೆಗೆ ಕಲ್ಲು, ತಾಮ್ರ. ಮನುಷ್ಯರ ಮನೆಗೆ ಹುಲ್ಲು. ವರ್ಷ ವರ್ಷ ಮಳೆಗಾಲಕ್ಕೆ ಮೊದಲು ಹೊದೆಸಬೇಕು, ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. ಈ ಕಷ್ಟ ತಪ್ಪಿಸಿದ್ದು ಬಾಸೆಲ್ ಮಿಶನ್ನಿನ ಹಂಚು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ಪಟ್ಟಣ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಫ್ರಾನ್ಸಿನ ಆಲ್ಟ್‌ಕಿರ್ಶ್ ಎಂಬಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದರು. ಅದರ ಜಾಣತನ ಅಂಚಿನಲ್ಲಿದೆ. ಒಂದು ಹಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರುತ್ತದೆ. ಹಂಚಿನ ಮೇಲೆ ಹಂಚು ಒಟ್ಟುವ ಅಗತ್ಯ ಕಡಿಮೆ. ಮಾಡಿನ ಭಾರ ಇಳಿಯುತ್ತದೆ. ಪಕ್ಕಾಸು, ರೀಪಿನ ಮರ ಉಳಿಯುತ್ತದೆ. ನಮ್ಮ ಮಂಗಳೂರು ಹಂಚು ಆ ಜಾತಿಯದ್ದೇ.

ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ತಮ್ಮ ಮತಕ್ಕೆ ಸೇರಿ ಊರಿನ ಕಸುಬು ಕಳಕೊಂಡವರಿಗೆ ಕೆಲಸ ಕೊಡಬೇಕಾಗಿತ್ತು. ಅಚ್ಚುಕೂಟ, ನೇಯ್ಗೆ ಎಲ್ಲ ನಡೆದುವು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಣ್ಣು ನಮ್ಮದು, ಉರಿಸುವ ಸೌದೆ ನಮ್ಮದು, ದುಡಿಯುವ ಕೈ ನಮ್ಮದು. ಹೊರಗಿನಿಂದ ಬಂದದ್ದು ಅಚ್ಚು ಮತ್ತು ಅದರ ಹಿಂದಿನ ಲೆಕ್ಕಾಚಾರ.

ಇನ್ನು ನಮಗೆ ಬಹಳ ಹೆಮ್ಮೆಯ ಸಂಗತಿ. ಮೂರೇ ವರ್ಷದಲ್ಲಿ, 1868ರಲ್ಲಿ, ನಮ್ಮ ಬಂಟ್ವಾಳದ ಪಾಣೆಮಂಗಳೂರಿನಲ್ಲಿ ಪಾಸ್ಕಲ್ ಆಲ್ಬುಕರ್ಕ್ ಎಂಬ ಊರಿನವರೇ ಹಂಚು ಮಾಡಲು ತೊಡಗಿದರು. ನೋಡಿ ಕಲಿತರು ಅನ್ನಿ, ನಕಲು ಮಾಡಿದರು ಅನ್ನಿ, ನಮಗೆ ಎರಡೂ ಒಂದೇ. ಬಳಿಕ ಒಬ್ಬರ ಹಿಂದೆ ಒಬ್ಬರು ಬಂದರು. ಮಂಗಳೂರಿನ ಬಂದರಿನಿಂದ ಮಂಜಿಗಳಲ್ಲಿ ಹಂಚು ಮುಂಬಯಿಗೆ ಹೋಯಿತು, ಸಿಲೋನಿಗೆ, ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು, ಅವು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಆದರೂ ಉದ್ಯಮ ನಿಲ್ಲಲಿಲ್ಲ. ಕಲಿತವರು ಊರಲ್ಲೇ ಇದ್ದರಲ್ಲ!

ನಕಲು ಎಂದಾಗ ಮೂಗು ಮುರಿಯುವವರು ಸ್ವಿಸ್ಸರ ಕಥೆ ಕೇಳಬೇಕು. ನಮ್ಮ ರಾಜ್ಯದ ಕಾಲು ಭಾಗವೂ ಇಲ್ಲದ ದೇಶ ಅದು. ಸಮುದ್ರವಿಲ್ಲ, ಗುಡ್ಡವೇ ಹೆಚ್ಚು. 1888ರ ತನಕ ಅಲ್ಲಿ ಪೇಟೆಂಟ್ ಕಾನೂನೇ ಇರಲಿಲ್ಲ. ರಾಸಾಯನಿಕ ವಿಧಾನಗಳಿಗೆ ಅದು ಅನ್ವಯವಾದದ್ದು 1907ರಲ್ಲಿ. ಫ್ರಾನ್ಸಿನಲ್ಲಿ ಪೇಟೆಂಟ್ ಇದ್ದ ಕೆಂಪು ಬಣ್ಣವೊಂದನ್ನು ಅಲೆಕ್ಸಾಂಡರ್ ಕ್ಲಾವೆಲ್ ಎಂಬ ರೇಷ್ಮೆ ಬಣ್ಣಗಾರ 1859ರಲ್ಲಿ ಇದೇ ಬಾಸೆಲಿನಲ್ಲಿ ಧಾರಾಳವಾಗಿ ತಯಾರಿಸತೊಡಗಿದ. ಸೀಬಾ ಕಂಪನಿಯ ಮೂಲ ಅದು. ಆದರೆ ಬಾಸೆಲಿನವರು ಅಷ್ಟಕ್ಕೇ ಕೂತುಕೊಳ್ಳಲಿಲ್ಲ. ಪ್ರಯೋಗಶಾಲೆ ಕಟ್ಟಿದರು, ರಸಾಯನಶಾಸ್ತ್ರ ಓದಿದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡರು, ಬಣ್ಣದಿಂದ ಔಷಧಿಗೆ ದಾಟಿದರು. ಇವತ್ತು ಲೋಕದ ದೊಡ್ಡ ಔಷಧಿ ಕಂಪನಿಗಳಲ್ಲಿ ಎರಡು ಆ ಒಂದು ಪಟ್ಟಣದಲ್ಲಿವೆ.

ನಮ್ಮ ಹಂಚಿನ ಕಥೆ ಹೀಗೆ ಮುಂದುವರಿಯಲಿಲ್ಲ. 1865ರ ಹಂಚಿಗೂ ನೂರು ವರ್ಷ ಬಿಟ್ಟು ಬಂದ ಹಂಚಿಗೂ ಹಿಂಬದಿಯಲ್ಲಿ ಒತ್ತಿದ ಕಂಪನಿಯ ಹೆಸರು ಬಿಟ್ಟರೆ ವ್ಯತ್ಯಾಸ ಕಡಿಮೆ. ಸೌದೆ ತುಟ್ಟಿಯಾಯಿತು, ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಯಿತು, ಜನರಿಗೆ ಟೆರೇಸಿನ ಹುಚ್ಚು ಹಿಡಿಯಿತು. ಒಂದು ಕಾಲಕ್ಕೆ 75ರಷ್ಟು ಇದ್ದ ಕಾರ್ಖಾನೆಗಳಲ್ಲಿ ಬೆರಳೆಣಿಕೆಯವು ಉಳಿದುವು. ಮಣ್ಣಿಲ್ಲದ್ದು, ಸೌದೆಯಿಲ್ಲದ್ದು ನಿಜವೇ. ಲಾಭದ ಕಾಲದಲ್ಲಿ ಹೊಸ ಒಲೆ, ಹೊಸ ಸಾಮಾನಿನ ಶೋಧನೆಗೆ ಸಾಕಷ್ಟು ಹಣ ಹಾಕಲಿಲ್ಲ ಎಂಬುದೂ ಅಷ್ಟೇ ನಿಜವೆಂದು ನಮ್ಮ ಅಭಿಪ್ರಾಯ.

ಸ್ವಿಸ್ಸರಿಗೂ ಇಂಥ ಪೆಟ್ಟು ಬೀಳದೆ ಇರಲಿಲ್ಲ. ಕ್ವಾರ್ಟ್ಸ್ ಕೈಗಡಿಯಾರದ ಮೊದಲ ಮಾದರಿಗಳಲ್ಲೊಂದನ್ನು 1967ರಲ್ಲಿ ಅವರೇ ಮಾಡಿದ್ದರು. ಚಕ್ರ, ಸ್ಪ್ರಿಂಗಿನ ಗಡಿಯಾರ ಚೆನ್ನಾಗಿ ಮಾರಾಟವಾಗುತ್ತಿದ್ದುದರಿಂದ ಅದನ್ನು ಬದಿಗಿಟ್ಟರು. 1969ರಲ್ಲಿ ಜಪಾನಿನವರು ಅದನ್ನು ಅಂಗಡಿಗೆ ತಂದರು. 1970ರಲ್ಲಿ ಸುಮಾರು 90 ಸಾವಿರವಿದ್ದ ಸ್ವಿಸ್ ಗಡಿಯಾರ ಕೆಲಸಗಾರರು ಹದಿನೈದು ವರ್ಷದಲ್ಲಿ 30 ಸಾವಿರ ಚಿಲ್ಲರೆಗೆ ಇಳಿದರು. ಆಗ ಬ್ಯಾಂಕಿನವರು ಮುಳುಗುತ್ತಿದ್ದ ಕಂಪನಿಗಳನ್ನು ಒಂದುಗೂಡಿಸಿದರು. 1983ರಲ್ಲಿ ಕೇವಲ 51 ಬಿಡಿಭಾಗಗಳ, ಪ್ಲಾಸ್ಟಿಕ್ಕಿನ ಅಗ್ಗದ ಸ್ವಾಚ್ ಗಡಿಯಾರ ಹೊರಟಿತು.

ಒಂದುಗೂಡುವುದೆಂದರೆ ನಮ್ಮ ಮನೆಯ ಮಾತೇ ಆಯಿತು. ಅಡಿಕೆ ಧಾರಣೆ ಬಿದ್ದ ಕಾಲದಲ್ಲಿ ನಮ್ಮದೇ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ತೋಟದ ನೆರಳಿಗೆ ಒಗ್ಗುತ್ತದೆಂದು ನಾವೆಲ್ಲ ಕೊಕ್ಕೋ ಹಾಕಿದ್ದೆವು. 1980ರ ಸುಮಾರಿಗೆ ಲೋಕದ ಮಾರುಕಟ್ಟೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಹಲವರು ಗಿಡ ಕಡಿದೇ ಬಿಟ್ಟರು. ಕ್ಯಾಂಪ್ಕೊ ಹಸಿ ಬೀಜ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಕಟ್ಟಿತು. ರಾಷ್ಟ್ರಪತಿ ಜೈಲ್ ಸಿಂಗರು ಉದ್ಘಾಟಿಸಿದರು. ಒಂದೇ ಒಂದು ಕೊಕ್ಕೋ ಗಿಡ ಬೆಳೆಯದ ಸ್ವಿಟ್ಜರ್ಲೆಂಡು ಹಾಲಿನ ಚಾಕಲೇಟಿಗೆ ಹೆಸರಾದದ್ದು 1875ರಿಂದ. ಬೀಜ ಬೆಳೆಯುವ ನಾವು ಅದಕ್ಕೆ ಕೈಹಾಕಲು ನೂರಹನ್ನೊಂದು ವರ್ಷ ಬೇಕಾಯಿತು. ತಡವಾಯಿತು, ಆದರೆ ಕೈಹಾಕಿದ್ದು ರೈತರ ಸಹಕಾರಿ ಸಂಸ್ಥೆ ಎಂಬುದನ್ನು ಮರೆಯಬಾರದು.

ಈಗಿನ ವಿಷಯವೊಂದನ್ನು ಹೇಳದೆ ಮುಗಿಸುವ ಹಾಗಿಲ್ಲ. ಹಿಂದೆ ಮುಟ್ಟಾಳೆಗೆ ಬಳಸುತ್ತಿದ್ದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳು ನಮ್ಮ ಊರುಗಳಲ್ಲಿ ಬೆಳೆದಿವೆ. ಇದು ಹೊರಗಿನಿಂದ ಬಂದ ಅಚ್ಚಲ್ಲ, ನಮ್ಮದೇ ಬುದ್ಧಿ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಈ ತಟ್ಟೆಗೆ ಆಕ್ಷೇಪ ಎತ್ತಿತು: ಹಾಳೆಯ ಆಲ್ಕಲಾಯ್ಡ್ ಅಂಶ ಊಟಕ್ಕೆ ಇಳಿಯಬಹುದು, ಸುರಕ್ಷಿತವೆಂಬುದಕ್ಕೆ ಆಧಾರ ತೋರಿಸಿಲ್ಲ ಎಂದು. ನಮ್ಮ ಅಜ್ಜಂದಿರ ಕಾಲದಿಂದ ಬಳಸಿದ್ದೇವೆ ಮಾರಾಯ್ರೆ ಅಂದರೆ ಅವರು ಕೇಳುವುದಿಲ್ಲ. ಅವರಿಗೆ ಬೇಕಾದ್ದು ಪರೀಕ್ಷೆಯ ಕಾಗದ: ಎಷ್ಟು ಬಿಸಿ ಸಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಅಂಶ ಇಳಿಯುತ್ತದೆ, ತೊಳೆದು ಒತ್ತಿದರೆ ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕ. ಇಳಿಯುವುದು ಹೆಚ್ಚೆಂದು ಕಂಡರೆ ಹಾಳೆ ಹದ ಮಾಡುವ ರೀತಿಯನ್ನೇ ಬದಲಿಸಬೇಕಾದೀತು; ಅದೂ ನಮಗೆ ಮೊದಲೇ ತಿಳಿಯುವುದು ಒಳ್ಳೆಯದು.

ನಾಲ್ಕು ಅಚ್ಚು ಇಟ್ಟುಕೊಂಡ ಘಟಕದವರಿಗೆ ಆ ಖರ್ಚು ಆಗಿಬರುವಂಥದ್ದಲ್ಲ. ಆದರೆ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವುಂಟು. ಮಂಗಳ ತಳಿ ಬಂದದ್ದು ಅಲ್ಲಿಂದಲೇ. ಸುತ್ತಿನ ಸಂಘಗಳೆಲ್ಲ ಲಾಭಾಂಶದಿಂದ ಸ್ವಲ್ಪ ಸ್ವಲ್ಪ ತೆಗೆದಿಟ್ಟು, ಅಲ್ಲಿಯ ವಿಜ್ಞಾನಿಗಳ ಸಲಹೆ ಪಡೆದು ಈ ಪರೀಕ್ಷೆಯನ್ನು ಕೂಡಿ ಮಾಡಿಸಬಹುದೇ ಎಂದು ಬರುವ ಮಹಾಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕಾಗಿ ಆಡಳಿತ ಮಂಡಳಿಯಲ್ಲಿ ನಮ್ಮ ಬಿನ್ನಹ.