ಇಂಗ್ಲಿಷ್ ಪಾಠದ ಪಟ್ಟಿ ಬರೆದವರು ಯಾರು?



ಶಾಲೆ ಶುರುವಾಗುವ ಹೊತ್ತಿಗೆ ಮನೆಮನೆಯಲ್ಲೂ ಪುಸ್ತಕಕ್ಕೆ ಬೈಂಡು ಹಾಕುವ ಗಡಿಬಿಡಿ. ಮಕ್ಕಳು ಐ.ಸಿ.ಎಸ್.ಇ. ಶಾಲೆಗೆ ಹೋಗುವ ಮನೆಯಾದರೆ ಆ ರಾಶಿಯಲ್ಲಿ ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ಇಲ್ಲವೇ ‘ಜೂಲಿಯಸ್ ಸೀಸರ್’ ಇರುವುದು ಎಷ್ಟೋ ವರ್ಷಗಳ ರೂಢಿ. ಹದಿನಾಲ್ಕು ವರ್ಷದ ಮಗು ವರ್ಷವಿಡೀ ಓದಬೇಕಾದ್ದು ಇದನ್ನೇ ಎಂದು ತೀರ್ಮಾನಿಸಿದವರು ಯಾರು? ಬ್ರಿಟಿಷರು ಎಂದು ಥಟ್ಟನೆ ಹೇಳಿಬಿಡುತ್ತೇವೆ. ನಮ್ಮ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಸ್ವತಂತ್ರವಾಗಿ ನೂರು ವರ್ಷವಾಗುತ್ತ ಬಂದಿದ್ದ ಅಮೆರಿಕದ ಹೈಸ್ಕೂಲುಗಳಿಗೂ ಇವೇ ಎರಡು ನಾಟಕಗಳು ಬಂದವಲ್ಲ, ಅವು ಬಂದ ದಾರಿ ಯಾವುದು? ಈ ಸಲ ಆ ಕಥೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಕಾಲೇಜು ಸೇರಬೇಕಾದರೆ ಲ್ಯಾಟಿನ್, ಗ್ರೀಕ್, ಗಣಿತ ಬರಬೇಕಿತ್ತು. ಇಂಗ್ಲಿಷ್ ಮನೆಮಾತು; ಅದನ್ನು ಪಾಠವೆಂದು ಕಲಿಸುವುದೇನಿದೆ ಎಂಬ ಉದಾಸೀನ. ನಮ್ಮಲ್ಲಿ ‘ಕನ್ನಡ ಓದಿ ಏನ್ ಮಾಡ್ತೀಯಾ’ ಎಂದು ಕೇಳುತ್ತಾರಲ್ಲ, ಬಿ.ಎ.ಯಲ್ಲಿ ಕನ್ನಡ ತೆಗೆದುಕೊಂಡ ನನಗೆ ಆ ಧಾಟಿ ಚೆನ್ನಾಗಿ ಗೊತ್ತು!

ಚಾರ್ಲ್ಸ್ ಎಲಿಯಟ್ 1869ರಲ್ಲಿ ಹಾರ್ವರ್ಡ್ ಕಾಲೇಜಿನ ಅಧ್ಯಕ್ಷರಾದರು. ಬರುವ ಹುಡುಗರಿಗೆ ತಮ್ಮದೇ ಭಾಷೆಯಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲ ಎಂಬ ಕೊರಗು ಅಲ್ಲಿತ್ತು. ಹಾಗಾಗಿ 1874ರ ಪ್ರವೇಶ ಪರೀಕ್ಷೆಗೆ ಹೊಸ ನಿಯಮ ಬಂತು. ಪ್ರತಿಯೊಬ್ಬನೂ ಒಂದು ಚಿಕ್ಕ ಪ್ರಬಂಧ ಬರೆಯಬೇಕು. ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿ ಎಲ್ಲವೂ ಸರಿಯಿರಬೇಕು. ಯಾವುದರ ಬಗ್ಗೆ ಬರೆಯುವುದು? ಅದಕ್ಕೆಂದು ಮೊದಲೇ ಪುಸ್ತಕಗಳ ಪಟ್ಟಿ ಕೊಟ್ಟರು: ಶೇಕ್ಸ್‌ಪಿಯರನ ‘ಟೆಂಪೆಸ್ಟ್’, ‘ಜೂಲಿಯಸ್ ಸೀಸರ್’, ‘ಮರ್ಚೆಂಟ್ ಆಫ್ ವೆನಿಸ್’, ಗೋಲ್ಡ್‌ಸ್ಮಿತ್‌ನ ‘ವಿಕಾರ್ ಆಫ್ ವೇಕ್‌ಫೀಲ್ಡ್’, ಸ್ಕಾಟ್‌ನ ‘ಐವನ್‌ಹೋ’ ಮತ್ತು ಒಂದು ಕಥನಕವನ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪುಸ್ತಕಗಳನ್ನು ಪಟ್ಟಿಗೆ ಸೇರಿಸಿದ್ದು ಪ್ರಬಂಧಕ್ಕೊಂದು ವಿಷಯ ಬೇಕಿತ್ತು ಎಂಬ ಕಾರಣಕ್ಕೆ. ಹುಡುಗನಿಗೆ ಪೋರ್ಷಿಯಾಳ ಮಾತು ಹಿಡಿಸಿತೇ, ಶೈಲಾಕನ ಮೇಲೆ ಕನಿಕರ ಬಂತೇ ಎಂಬುದನ್ನು ಆ ನಿಯಮ ಕೇಳಲಿಲ್ಲ. ಸಾಹಿತ್ಯ ಹೈಸ್ಕೂಲಿನ ಒಳಗೆ ಬಂದದ್ದು ಬರವಣಿಗೆಯ ಬೆನ್ನೇರಿ.

ಹಾರ್ವರ್ಡ್ ಮಾಡಿದ್ದನ್ನು ಉಳಿದ ಕಾಲೇಜುಗಳೂ ಮಾಡಿದವು, ಆದರೆ ಪಟ್ಟಿ ಮಾತ್ರ ಅವರವರದೇ. ವರ್ಷ ವರ್ಷ ಬದಲಾಗುತ್ತಲೂ ಇತ್ತು. ಒಂದೇ ತರಗತಿಯ ನಾಲ್ವರು ಹುಡುಗರು ನಾಲ್ಕು ಕಾಲೇಜಿಗೆ ಹೊರಟರೆ ಮೇಷ್ಟರ ಗತಿ ಏನು? ವರ್ಷದ ಪಾಠವನ್ನು ಯೋಜಿಸುವ ಮಾತು ಹಾಗಿರಲಿ, ಯಾವ ಪುಸ್ತಕ ಮೊದಲು ತರಿಸಬೇಕೆಂಬುದೇ ತಲೆನೋವು.

ಇದನ್ನೆಲ್ಲ ಸರಿಪಡಿಸಲು 1892ರಲ್ಲಿ ಎಲಿಯಟ್ಟರದೇ ಅಧ್ಯಕ್ಷತೆಯಲ್ಲಿ ‘ಹತ್ತು ಮಂದಿಯ ಸಮಿತಿ’ ರಚನೆಯಾಯಿತು. ಅದರ ಇಂಗ್ಲಿಷ್ ವಿಭಾಗದ ತಜ್ಞರು ಆ ವರ್ಷದ ಡಿಸೆಂಬರಿನಲ್ಲಿ ವ್ಯಾಸರ್ ಕಾಲೇಜಿನಲ್ಲಿ ಕಲೆತು ಹೈಸ್ಕೂಲಿನ ನಾಲ್ಕು ವರ್ಷಕ್ಕೆ, ಅಂದರೆ ನಮ್ಮ 9ರಿಂದ 12ನೇ ತರಗತಿಗೆ, ವೇಳಾಪಟ್ಟಿ ಹಾಕಿದರು. ರೇಡಿಯೋದಲ್ಲಿ ನಿಮಿಷ ಎಣಿಸಿಯೇ ಬದುಕುವ ನನಗೆ ಇಡೀ ಕಥೆಯಲ್ಲಿ ಪ್ರಿಯವಾದ ಭಾಗ ಇದು. ವಾರಕ್ಕೆ 5 ಪಿರಿಯಡ್. ಅದರಲ್ಲಿ ಸಾಹಿತ್ಯಕ್ಕೆ ನಾಲ್ಕೂ ವರ್ಷ 3. ಬರವಣಿಗೆಗೆ ಮೊದಲ ಎರಡು ವರ್ಷ 2, ಆಮೇಲೆ 1. ಉಳಿದ ಒಂದು ಪಿರಿಯಡ್ ಮೂರನೇ ವರ್ಷ ಅಲಂಕಾರಶಾಸ್ತ್ರಕ್ಕೆ, ನಾಲ್ಕನೇ ವರ್ಷ ವ್ಯಾಕರಣಕ್ಕೆ. ಗ್ರೀಕ್, ಲ್ಯಾಟಿನ್‌ಗಳ ಸಮಕ್ಕೆ ಮನೆಮಾತಿಗೂ ಒಂದು ಮಣೆ ಸಿಕ್ಕಿತು.

1894ರಲ್ಲಿ ಹಲವು ಕಾಲೇಜುಗಳು ಕೂಡಿ ಒಂದೇ ಸಮಾನ ಪಟ್ಟಿಗೆ ಒಪ್ಪಿದವು. ಕೆಲವು ಪುಸ್ತಕ ಸುಮ್ಮನೆ ಓದಿಕೊಂಡು ಹೋಗಲು, ಕೆಲವು ಅಕ್ಷರ ಅಕ್ಷರ ಬಿಡಿಸಿ ಕಲಿಯಲು. ಎರಡನೆಯ ಗುಂಪಿನಲ್ಲಿ ‘ಮ್ಯಾಕ್‌ಬೆತ್’, ಮಿಲ್ಟನ್ನನ ಕಿರುಕವನಗಳು, ಎಡ್ಮಂಡ್ ಬರ್ಕ್ ಅಮೆರಿಕದ ಪರವಾಗಿ 1775ರಲ್ಲಿ ಮಾಡಿದ ಭಾಷಣ, ಜೊತೆಗೆ ಮೆಕಾಲೆಯ ಪ್ರಬಂಧಗಳು ಬಂದವು. ಹೌದು, ಅದೇ ಮೆಕಾಲೆ! ನಮಗೆ ಇಂಗ್ಲಿಷ್ ವಿದ್ಯೆಯೇ ಸಾಕೆಂದು 1835ರಲ್ಲಿ ಟಿಪ್ಪಣಿ ಬರೆದವನು. ಪುಣ್ಯಾತ್ಮ ಅಮೆರಿಕದ ಮಕ್ಕಳನ್ನೂ ಬಿಡಲಿಲ್ಲ.

ಪಟ್ಟಿ ಒಂದಾದಮೇಲೆ ತೊಂದರೆ ಕಡಿಮೆಯಾಯಿತೇನೋ ನಿಜ, ಆದರೆ ಹಿಡಿತ ಬಿಗಿಯಾಯಿತು. ಹೈಸ್ಕೂಲಿನಲ್ಲಿ ಓದುವ ಮಕ್ಕಳಲ್ಲಿ ಕಾಲೇಜಿಗೆ ಹೋಗುವವರು ಕೆಲವರೇ. ಅಂಗಡಿಗೆ, ಕಾರ್ಖಾನೆಗೆ ಹೋಗುವವನೂ ಬರ್ಕ್‌ನ ಭಾಷಣವನ್ನೇ ಅರೆಯಬೇಕು. ಮಿಶಿಗನ್ ವಿಶ್ವವಿದ್ಯಾಲಯದ ಫ್ರೆಡ್ ನ್ಯೂಟನ್ ಸ್ಕಾಟ್ 1901ರಲ್ಲೇ ಇದನ್ನು ಪಾಳೇಗಾರಿಕೆಗೆ ಹೋಲಿಸಿದರು. ಕಾಲೇಜು ಪಾಳೇಗಾರ, ಹೈಸ್ಕೂಲು ಅದಕ್ಕೆ ಕಪ್ಪ ಕೊಡುವ ಹಳ್ಳಿ. ಪ್ರೊಫೆಸರ್ ಒಬ್ಬರೇ ಹೀಗೆ ಹೇಳಿದ್ದು ದೊಡ್ಡ ಮಾತು. 1911ರ ಡಿಸೆಂಬರಿನಲ್ಲಿ ಇಂಗ್ಲಿಷ್ ಶಿಕ್ಷಕರು ಷಿಕಾಗೋದಲ್ಲಿ ಸೇರಿ ತಮ್ಮದೇ ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡಾಗ ಅವರನ್ನೇ ಮೊದಲ ಅಧ್ಯಕ್ಷರನ್ನಾಗಿ ಆರಿಸಿದರು.

ಮಂಡಳಿಯ ಪತ್ರಿಕೆ ‘ಇಂಗ್ಲಿಷ್ ಜರ್ನಲ್’ 1912ರ ಜನವರಿಯಲ್ಲಿ ಹೊರಬಂತು. ಮೊದಲ ಸಂಚಿಕೆಯಲ್ಲಿ ಕಾನ್ಸಸ್‌ನ ಎಡ್ವಿನ್ ಹಾಪ್ಕಿನ್ಸ್ ಬರೆದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಈಗಿರುವ ಸ್ಥಿತಿಯಲ್ಲಿ ಬರವಣಿಗೆಯನ್ನು ಚೆನ್ನಾಗಿ ಕಲಿಸಲು ಸಾಧ್ಯವೇ? ಲೇಖನದ ಮೊದಲ ಪದವೇ ‘ಇಲ್ಲ’. ಲೆಕ್ಕ ಹಾಕಿ ನೋಡಿ. ಒಬ್ಬ ಟೀಚರ್‌ಗೆ 100 ಮಕ್ಕಳು, ವಾರಕ್ಕೊಂದು ಪ್ರಬಂಧ, ಒಂದೊಂದನ್ನು ತಿದ್ದಲು 10 ನಿಮಿಷ. ಒಟ್ಟು 1000 ನಿಮಿಷ, ಹದಿನಾರು ಗಂಟೆಗೂ ಮೇಲೆ, ಅದೂ ದಿನದ ಪಾಠವೆಲ್ಲ ಮುಗಿದ ಮೇಲೆ! ಹತ್ತು ಮಂದಿಯ ಸಮಿತಿಯ ವೇಳಾಪಟ್ಟಿಯಲ್ಲಿ ಮಕ್ಕಳು ಬರೆಯುವುದಕ್ಕೆ ಪಿರಿಯಡ್ ಇತ್ತು, ತಿದ್ದುವುದಕ್ಕೆ ಇರಲಿಲ್ಲ. ಮನೆಯಲ್ಲಿ ರಾತ್ರಿ ಕಟ್ಟು ಬಿಚ್ಚಿಕೊಂಡು ಕೂತ ಟೀಚರಮ್ಮನನ್ನು ಕಂಡವರಿಗೆ ಈ ಲೆಕ್ಕ ವಿವರಿಸಬೇಕಿಲ್ಲ.

1917ರಲ್ಲಿ ಮಂಡಳಿಯ ಕಾರ್ಯದರ್ಶಿ ಜೇಮ್ಸ್ ಹಾಸಿಕ್ ಸಂಪಾದಿಸಿದ ವರದಿಯನ್ನು ಸರ್ಕಾರದ ಶಿಕ್ಷಣ ಇಲಾಖೆಯೇ ಪ್ರಕಟಿಸಿತು. ಒಂದೇ ಪಟ್ಟಿ ಎಲ್ಲರಿಗೂ ಬೇಡ, ಮಕ್ಕಳ ಬದುಕಿಗೆ ಹತ್ತಿರದ ಓದು ಇರಲಿ, ಬರೆಯುವುದರ ಜೊತೆಗೆ ಎದ್ದು ನಿಂತು ಮಾತಾಡುವುದನ್ನೂ ಕಲಿಸಿ ಎಂದಿತು ಅದು. ಮಾತಿಗೂ ಪಾಠದಲ್ಲಿ ಜಾಗ ಎಂದು ಓದಿದಾಗ ಮೈಕಿನ ಮುಂದೆ ಕೂರುವವಳಾದ ನನಗೆ ಖುಷಿಯಾಗದೆ ಇರುತ್ತದೆಯೇ!

ಆದರೆ ಶಾಲೆಗಳು ಕಟ್ಟುಗಟ್ಟಲೆ ಕೊಂಡಿಟ್ಟ ಪುಸ್ತಕಗಳು ಕಪಾಟಿನಲ್ಲಿ ಹಾಗೇ ಇದ್ದವು, ಅವನ್ನು ಕಲಿಸಿ ಕಲಿಸಿ ಬಾಯಿಪಾಠವಾಗಿದ್ದ ಮೇಷ್ಟರೂ ಇದ್ದರು. ಹಳೆಯ ಪಟ್ಟಿಗಳಲ್ಲಿದ್ದ ಜಾರ್ಜ್ ಎಲಿಯಟ್‌ಳ ‘ಸೈಲಸ್ ಮಾರ್ನರ್’ 1950ರ ದಶಕದಲ್ಲೂ ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ ಪಾಠವಾಗಿಯೇ ಇತ್ತು. ತಾತ ಗೊಣಗುತ್ತ ಓದಿದ್ದನ್ನೇ ಮೊಮ್ಮಗನೂ ಗೊಣಗುತ್ತ ಓದಿದ.