ನಾಲೆ ನೀರು ಬಂದ್ಮೇಲೆ ನಮ್ಮ ತಟ್ಟೆ

ಈ ಸಲ ಗೊಬ್ಬರ, ರೋಗ, ರೇಟು ಯಾವುದೂ ಇಲ್ಲ. ನಮ್ಮ ಮಂಡ್ಯ ಸೀಮೆ ಹೊಲದ ಚರಿತ್ರೆ ಮತ್ತು ಸಕ್ಕರೆ ಕಾಯಿಲೆ, ಇವೆರಡರ ನಂಟಿನ ಬಗ್ಗೆ ಬರೀತಿದೀನಿ. ನಮ್ಮ ಮನೆಯಲ್ಲೇ ಇಬ್ಬರು ದಿನಾ ಶುಗರ್ ಗುಳಿಗೆ ನುಂಗೋರು ಇದ್ದಾರೆ. ನಿಮ್ಮಲ್ಲೂ ಇರ್ತಾರೆ.

ಮೊದಲು ಒಂದು ಮಾತು. ಹಿಂದಿನವರು ಸುಖವಾಗಿದ್ರು ಅಂತ ನಾನು ಹೇಳ್ತಿಲ್ಲ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಂದ್ರೆ ಐದರಲ್ಲಿ ಒಬ್ಬರು. ಮಳೆ ನಂಬಿ ಬದುಕೋ ರೈತ ಒಂದೇ ಬೆಳೆ ನಂಬ್ತಿರಲಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡ್ತಿದ್ದ. ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ, ಬದುವಿನ ಅಂಚಿಗೆ ಹರಳು. ಮಳೆ ಕೈ ಕೊಟ್ಟು ರಾಗಿ ಹೋದ್ರೂ ಹುರುಳಿನೋ ಅವರೆನೋ ಸಿಗಲಿ ಅನ್ನೋ ಲೆಕ್ಕ. ಶುಗರ್ ಅನ್ನೋ ಮಾತು ಆಗ ಯಾರ ತಲೆಯಲ್ಲೂ ಇರಲಿಲ್ಲ. ಆದ್ರೆ ಹೊಲದಲ್ಲಿ ಹತ್ತು ಬಗೆ ಇದ್ದುದಕ್ಕೆ ತಟ್ಟೆಗೂ ಹತ್ತು ಬಗೆ ಬರ್ತಿತ್ತು. ಮುದ್ದೆ ಜೊತೆ ಉಪ್ಸಾರು, ಬಸ್ಸಾರು, ಹುರುಳಿ ಕಟ್ಟು, ಕಳೆ ಕೀಳುವಾಗ ಮಡಿಲಲ್ಲಿ ತಂದ ಅಣ್ಣೆ ಸೊಪ್ಪು, ದಂಟು, ಹೊನಗೊನೆ.

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. 1930ರ ದಶಕದ ಹೊತ್ತಿಗೆ ಹುಲಿಕೆರೆ ಸುರಂಗ ದಾಟಿ ನಾಲೆ ನೀರು ನಮ್ಮ ಕಡೆಗೆ ಬಂತು. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು. ಹೊಲ ಗದ್ದೆಯಾಯ್ತು. ರಾಗಿ ಜಾಗಕ್ಕೆ ಕಬ್ಬು, ಭತ್ತ ಬಂದವು. ಬರದ ಹೆದರಿಕೆ ಹೋಯ್ತು, ಮಕ್ಕಳು ಓದಿದ್ರು, ಹೆಂಚಿನ ಮನೆ ಎದ್ದವು. ಆ ನೀರಿನ ಋಣ ತೀರಿಸೋಕೆ ಆಗಲ್ಲ.

ಆದ್ರೆ ನಿಂತ ನೀರಲ್ಲಿ ಅಕ್ಕಡಿ ಸಾಲು ಬರಲ್ಲ. 1960ರ ದಶಕದ ಕೊನೆಗೆ ಐ.ಆರ್.-8, ಜಯ ಭತ್ತ ಬಂದ್ಮೇಲೆ ಇಳುವರಿ ಏರ್ತು. ಒನಕೆ ಮೂಲೆ ಸೇರಿತು, ಮಿಲ್ಲಿನ ಬಿಳಿ ಅಕ್ಕಿ ಬಂತು, ತೌಡು ಹಸುವಿಗೆ ಹೋಯ್ತು. ಹಬ್ಬಕ್ಕೆ ಮಾತ್ರ ಇದ್ದ ಅನ್ನ ಮೂರು ಹೊತ್ತಿನದಾಯ್ತು. ಕಳೆನಾಶಕ ಬಂದ್ಮೇಲೆ ಬೆರಕೆ ಸೊಪ್ಪೂ ಹೋಯ್ತು. ನಮ್ಮ ವಿ.ಸಿ. ಫಾರ್ಮಿನಲ್ಲೇ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿ ಕೊಟ್ಟರು. ಅದರಿಂದ ರಾಗಿ ಇಳುವರಿ ಏರಿ ಬೆಳೆ ಉಳೀತು. ಆದ್ರೆ ಅದರ ಪಕ್ಕದ ಸಾಲು ಉಳೀಲಿಲ್ಲ.

ಈಗ ಕಾಯಿಲೆ ಲೆಕ್ಕ. 2023ರಲ್ಲಿ ಐ.ಸಿ.ಎಂ.ಆರ್. ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇದಕ್ಕೆ ಊಟ ಒಂದೇ ಕಾರಣ ಅಲ್ಲ. ವಂಶ, ವಯಸ್ಸು, ಬೊಜ್ಜು ಇವೆ. ನೇಗಿಲ ಹಿಂದೆ ನಡೆಯೋ ಕಾಲು ಈಗ ಬೈಕ್ ಮೇಲಿದೆ, ಅದೂ ಇದೆ. ಆದ್ರೂ ಊಟದ ಪಾಲು ಸಣ್ಣದಲ್ಲ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ 23 ಸಾವಿರಕ್ಕೂ ಹೆಚ್ಚು ಜನರನ್ನ ಹತ್ತು ವರ್ಷ ಗಮನಿಸಿದ್ರು. 2016ರಲ್ಲಿ ಫಲಿತಾಂಶ ಬಂತು. ಧಾನ್ಯ, ತರಕಾರಿ, ಹಣ್ಣು, ಹಾಲು, ಮಾಂಸ ಅಥವಾ ಅದರ ಬದಲಿನ ಕಾಳು, ಈ ಐದು ಗುಂಪೂ ದಿನಾ ತಿನ್ನೋರಿಗೆ, ಮೂರು ಅಥವಾ ಅದಕ್ಕಿಂತ ಕಡಿಮೆ ಗುಂಪು ತಿನ್ನೋರಿಗಿಂತ, ಸಕ್ಕರೆ ಕಾಯಿಲೆ ಬರೋ ಸಂಭವ ಶೇ. 30ರಷ್ಟು ಕಡಿಮೆ ಕಂಡಿತು. ಆದ್ರೆ ಆ ಊಟಕ್ಕೆ ಖರ್ಚು ಶೇ. 18ರಷ್ಟು ಜಾಸ್ತಿ.

ಅವರು ಅಂಗಡಿಯಿಂದ ತರಬೇಕು. ನಮಗೆ ಜಮೀನಿದೆ. ನಾವೂ ಭತ್ತ ಮಾರಿ, ಕಾಳು, ಸೊಪ್ಪು ಸಂತೆಯಿಂದ ತರ್ತಿದೀವಿ. ಕೈಯಲ್ಲಿ ದುಡ್ಡು ಇಲ್ಲದ ತಿಂಗಳು ಮೊದಲು ಕಡಿಮೆ ಆಗೋದು ಅದೇ. ಅನ್ನ ಕಡಿಮೆ ಆಗಲ್ಲ.

ಬರೀ ರಾಗಿ ತಿಂದ್ರೆ ಸಾಕು ಅಂತಾನೂ ಅಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ, ಮೇಲೆ ತಿಳಿಸಾರು ಬಿಟ್ಕೊಂಡು ನುಂಗಿದ್ರೆ ಅದೂ ಸಕ್ಕರೆ ಏರಿಸುತ್ತೆ. ಮುದ್ದೆ ಚಿಕ್ಕದಾಗಿ, ಕಾಳು ಸೊಪ್ಪು ದಂಡಿಯಾಗಿ ಇರಬೇಕು. ಕಾಳಿನ, ಸೊಪ್ಪಿನ ನಾರು ಸಕ್ಕರೆ ರಕ್ತಕ್ಕೆ ಇಳಿಯೋದನ್ನ ನಿಧಾನ ಮಾಡುತ್ತೆ. ಗುಳಿಗೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಬಿಡಬೇಡಿ.

ಕಬ್ಬು ಕಿತ್ತು ಹಾಕಿ ಅನ್ನಲ್ಲ, ಸಾಲ ಯಾರು ತೀರಿಸ್ತಾರೆ? ಎರಡು ಮೂರು ಗುಂಟೆ ಮನೆ ಊಟಕ್ಕೆ ಬಿಡಿ. ಅಲ್ಲಿಗೆ ಕಳೆನಾಶಕ ಬೇಡ. ಗದ್ದೆ ಬದುವಿಗೆ ಉದ್ದು, ಅಲಸಂದೆ ಊರಿ. ನಾನು ಈ ಮುಂಗಾರಿಗೆ ರಾಗಿ ಜೊತೆ ಅಕ್ಕಡಿ ಹಾಕ್ತಿದೀನಿ. ಅವರೆ, ತೊಗರಿ ಬೀಜ ಇದೆ. ಹುಚ್ಚೆಳ್ಳು ಬೇಕಾಗಿದೆ. ಯಾರ ಅಟ್ಟದಲ್ಲಾದ್ರೂ ಹಳೇ ಬೀಜ ಇದ್ರೆ ತಿಳಿಸಿ, ಬದಲಿಗೆ ಅವರೆ ಬೀಜ ಕೊಡ್ತೀನಿ.